ನಾಯಿಗೂಡಿನ ನೆಲಹಾಸು: ಅಂದಾಜು ಪಟ್ಟಿಗೆ ಅನುಮೋದನೆ ನೀಡುವ ಮುನ್ನ ಸದಸ್ಯರು ಅರಿಯಬೇಕಾದ ಸಂಗತಿಗಳು

ಬೀದಿನಾಯಿಗಳ ಹಾವಳಿಯು ಗ್ರಾಮಸಭೆಗಳಲ್ಲಿ ಪದೇ ಪದೇ ಪ್ರಸ್ತಾಪವಾಗುವ ವಿಷಯ. ಪ್ರಾಣಿಗಳಿಗೆ ಹಿಂಸೆ ತಡೆ ಅಧಿನಿಯಮ, 1960ರ ಅಡಿಯಲ್ಲಿ ಹೊರಡಿಸಲಾದ ಪ್ರಾಣಿ ಜನನ ನಿಯಂತ್ರಣ ನಿಯಮಗಳು, 2023 ಈ ಸಮಸ್ಯೆಗೆ ಶಸ್ತ್ರಚಿಕಿತ್ಸೆ ಹಾಗೂ ರೇಬೀಸ್ ಲಸಿಕೆಯ ಮಾರ್ಗವನ್ನು ವಿಧಿಸಿ, ಅದರ ಹೊಣೆಯನ್ನು ಸ್ಥಳೀಯ ಸಂಸ್ಥೆಗಳ ಮೇಲೆ ಇರಿಸಿವೆ. ಶಸ್ತ್ರಚಿಕಿತ್ಸಾ ಕೇಂದ್ರವನ್ನು ನಡೆಸಲು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಅವಶ್ಯ. ಚಿಕಿತ್ಸೆಯ ನಂತರ ಚೇತರಿಸಿಕೊಳ್ಳುವ ನಾಯಿಗಳಿಗೂ, ಕಚ್ಚಿದ ಕಾರಣಕ್ಕೆ ನಿಗಾದಲ್ಲಿರಿಸಬೇಕಾದ ನಾಯಿಗಳಿಗೂ ಗೂಡುಗಳು ಬೇಕು. ಇಂತಹ ಗೂಡುಗಳ ಅಂದಾಜು ಪಟ್ಟಿ ಸಭೆಯ ಮುಂದೆ ಬಂದಾಗ ಚರ್ಚೆಯು ಸಾಮಾನ್ಯವಾಗಿ ಜಾಲರಿ, ಬಾಗಿಲು ಮತ್ತು ಚಾವಣಿಯ ಸುತ್ತ ನಡೆಯುತ್ತದೆ. ನೆಲದ ಬಗ್ಗೆ ಪಟ್ಟಿಯಲ್ಲಿ ಒಂದೇ ಸಾಲು ಇರುತ್ತದೆ. ಗೂಡಿನ ಯಶಸ್ಸು ಮತ್ತು ವೈಫಲ್ಯ ನಿರ್ಧಾರವಾಗುವುದು ಬಹುಮಟ್ಟಿಗೆ ಆ ಒಂದು ಸಾಲಿನಲ್ಲಿಯೇ.

ನೆಲಕ್ಕೆ ಇಷ್ಟು ಮಹತ್ವವೇಕೆ?

ನಾಯಿ ಕಚ್ಚಿದ ವ್ಯಕ್ತಿಯ ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು, ಲಸಿಕೆಯನ್ನು ತಡಮಾಡದೆ ಆರಂಭಿಸತಕ್ಕದ್ದು. ಇದಕ್ಕೆ ನಾಯಿಯ ಗತಿಯನ್ನು ಕಾಯುವಂತಿಲ್ಲ. ಆದರೆ ಕಚ್ಚಿದ ನಾಯಿಯು 10 ದಿನಗಳ ಕಾಲ ಆರೋಗ್ಯವಾಗಿ ಬದುಕುಳಿದರೆ, ಕಚ್ಚಿದ ವೇಳೆಯಲ್ಲಿ ಅದರ ಜೊಲ್ಲಿನಲ್ಲಿ ರೇಬೀಸ್ ವೈರಾಣು ಇರಲಿಲ್ಲವೆಂದು ತಿಳಿಯಬಹುದು. ವೈದ್ಯರಿಗೂ, ಮಗುವಿಗೆ ಕಡಿತವಾಗಿ ಆತಂಕದಲ್ಲಿರುವ ತಂದೆತಾಯಿಗೂ ಈ 10 ದಿನಗಳ ನಿಗಾ ಬಹಳ ಮುಖ್ಯ.

ಈಗ ಅದೇ ನಾಯಿಯನ್ನು ಹಿಂದಿನ ತಿಂಗಳು ಪಾರ್ವೋ ರೋಗದಿಂದ ಸತ್ತ ಮರಿಯೊಂದು ಮಲಗಿದ್ದ ಮಣ್ಣಿನ ನೆಲದಲ್ಲಿ ಇರಿಸಲಾಯಿತೆಂದು ಭಾವಿಸೋಣ. ಅದು ವಾಂತಿಭೇದಿಯಿಂದ ಎಂಟನೆಯ ದಿನ ಸತ್ತರೆ, ಸಾವು ಯಾವ ರೋಗದ್ದೆಂದು ಮಿದುಳಿನ ಪರೀಕ್ಷೆಯಾಗದ ಹೊರತು ಖಚಿತವಾಗಿ ಹೇಳುವಂತಿಲ್ಲ. ನಿಗಾದ ಉದ್ದೇಶವೇ ವಿಫಲವಾದಂತೆ. ಶಸ್ತ್ರಚಿಕಿತ್ಸೆಯಾದ ನಾಯಿಗಳ ವಿಷಯದಲ್ಲಿಯೂ ಅಪಾಯ ಕಡಿಮೆಯಿಲ್ಲ. ಒದ್ದೆ ನೆಲದಲ್ಲಿ ಮಲಗಿದರೆ ಹೊಟ್ಟೆಯ ಗಾಯವು ಕೀವುಗಟ್ಟುತ್ತದೆ. ನಿಯಮದಂತೆ ನಾಯಿಯನ್ನು ಹಿಡಿದ ಸ್ಥಳದಲ್ಲಿಯೇ ಮರಳಿ ಬಿಡುವಾಗ ಗೂಡಿನಲ್ಲಿ ಅಂಟಿದ ಸೋಂಕೂ ಅದರೊಡನೆ ಊರಿಗೆ ಮರಳುತ್ತದೆ.

ರೇಬೀಸ್ ವೈರಾಣು ದುರ್ಬಲವಾದುದು. ಬಿಸಿಲು, ಒಣಹವೆ ಮತ್ತು ಸಾಬೂನಿಗೆ ಬೇಗನೆ ನಾಶವಾಗುತ್ತದೆ. ನೆಲದಲ್ಲಿ ಉಳಿಯುವ ಶತ್ರುಗಳು ಬೇರೆ. ಪಾರ್ವೋ ವೈರಾಣು ನೆರಳಿನ ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವಂತವಾಗಿರುತ್ತದೆ. ದುಂಡುಹುಳುವಿನ ಮೊಟ್ಟೆಗಳು ವರ್ಷಗಟ್ಟಲೆ ಬಾಳುತ್ತವೆ. ಕೊಕ್ಕೆಹುಳುವಿನ ಮರಿಗಳು ಬರಿಗಾಲಿನ ಮನುಷ್ಯರ ಚರ್ಮವನ್ನೂ ಹೊಕ್ಕು ತುರಿಕೆಯ ಗೆರೆಗಳನ್ನು ಉಂಟುಮಾಡುತ್ತವೆ. ಕರಾವಳಿ ಹಾಗೂ ಮಲೆನಾಡಿನಲ್ಲಿ ಇಲಿಜ್ವರವೆಂದು ಪರಿಚಿತವಾಗಿರುವ ಲೆಪ್ಟೊಸ್ಪೈರೋಸಿಸ್, ಸೋಂಕುಳ್ಳ ನಾಯಿಯ ಮೂತ್ರದಿಂದಲೂ ಹರಡಬಲ್ಲುದು. ಒದ್ದೆ ನೆಲ ಅದಕ್ಕೆ ಆಶ್ರಯ. ಗೂಡು ತೊಳೆಯುವ ಪೌರಕಾರ್ಮಿಕರ ಆರೋಗ್ಯವೂ ಇದೇ ನೆಲವನ್ನು ಅವಲಂಬಿಸಿದೆ.

ಆದ್ದರಿಂದ ಉತ್ತಮ ನೆಲಕ್ಕೆ ನಾಲ್ಕು ಲಕ್ಷಣಗಳಿರಬೇಕು: ನೀರು ನಿಲ್ಲಬಾರದು, ಮೂತ್ರ ಇಂಗಬಾರದು, ಕಾಲು ಜಾರಬಾರದು, ಔಷಧಿಯಿಂದ ತೊಳೆದಾಗ ಕೆಡಬಾರದು.

ಲಭ್ಯವಿರುವ ಸಾಮಗ್ರಿಗಳ ಗುಣದೋಷಗಳು

ಮಣ್ಣು ಮತ್ತು ಸಗಣಿ ಸಾರಿಸಿದ ನೆಲ: ಖರ್ಚು ಕಡಿಮೆ, ಕಾಲಿಗೆ ತಂಪು. ಮನೆಯ ಒಂದು ನಾಯಿಗೆ ಸಾಲುವ ಈ ನೆಲ, ನಾಯಿಗಳು ಬದಲಾಗುತ್ತಲೇ ಇರುವ ಸಾರ್ವಜನಿಕ ಗೂಡಿಗೆ ಸಲ್ಲದು. ಮಣ್ಣನ್ನು ಸೋಂಕುರಹಿತಗೊಳಿಸಲು ಸಾಧ್ಯವಿಲ್ಲ. ನಾಯಿಯು ಅದನ್ನು ತೋಡಿ ಹೊರಗೆ ಹೋಗುವ ಸಂಭವವೂ ಉಂಟು.

ಜಲ್ಲಿ: ಮೂತ್ರ ಕೆಳಗಿಳಿದು ಮೇಲ್ಮೈ ಒಣಗಿದಂತೆ ಕಾಣುತ್ತದೆ. ಕಲ್ಲುಗಳ ನಡುವೆ ಸೇರಿದ ಮಲ ಅಲ್ಲಿಯೇ ಉಳಿಯುತ್ತದೆ. ಮರಿಗಳು ಸಣ್ಣ ಕಲ್ಲನ್ನು ನುಂಗುವ ಅಪಾಯವಿದೆ.

ಇಟ್ಟಿಗೆ ಮತ್ತು ಮುರಕಲ್ಲು: ಎರಡೂ ರಂಧ್ರಯುಕ್ತವಾದುವು. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳಲ್ಲಿ ಮುರಕಲ್ಲು ಗೋಡೆಗೆ ಒಪ್ಪುವುದಾದರೂ ಗೂಡಿನ ನೆಲಕ್ಕೆ ಒಪ್ಪದು.

ಶಹಾಬಾದ್ ಕಲ್ಲು: ಕಲಬುರಗಿ ಭಾಗದಲ್ಲಿ ಸುಲಭವಾಗಿ ದೊರೆಯುತ್ತದೆ. ಇದು ಸುಣ್ಣಕಲ್ಲಿನ ಜಾತಿಯದಾದ್ದರಿಂದ ಆಮ್ಲಯುಕ್ತ ಶೌಚಾಲಯ ದ್ರಾವಣ ತಗುಲಿದರೆ ಮೇಲ್ಮೈ ಕರಗಿ ಒರಟಾಗುತ್ತದೆ. ಬಳಸಲೇಬೇಕಾದಲ್ಲಿ ಹೊಳಪು ನೀಡದ ಕಲ್ಲನ್ನು ಆರಿಸಿ, ಸಂದುಗಳನ್ನು ಪೂರ್ಣವಾಗಿ ತುಂಬಿ, ಆಮ್ಲವನ್ನು ದೂರವಿಡಬೇಕು.

ಗ್ರಾನೈಟ್ ಚಪ್ಪಡಿ: ಗಟ್ಟಿಯಾದುದು, ಹೀರಿಕೆ ತೀರ ಕಡಿಮೆ. ಹೊಳಪು ಮಾಡಿದ ಚಪ್ಪಡಿ ಒದ್ದೆಯಾದಾಗ ಜಾರುತ್ತದೆ. ಒರಟು ಮೇಲ್ಮೈಯದೇ ಬೇಕು. ಸಂದುಗಳೇ ಇದರ ದುರ್ಬಲ ಸ್ಥಾನ.

ಹೊಳಪಿನ ಟೈಲ್ಸ್: ನೋಟಕ್ಕೆ ಸ್ವಚ್ಛವೆನಿಸಿದರೂ ಅರಿವಳಿಕೆಯ ಮಂಪರಿನಿಂದ ಏಳುವ ನಾಯಿ ಇದರ ಮೇಲೆ ಜಾರಿ ಬೀಳುತ್ತದೆ, ಹೊಲಿಗೆ ಬಿಚ್ಚುತ್ತದೆ.

ರಬ್ಬರ್ ಹಾಸು: ಮೃದುವಾದುದು. ನಾಯಿ ಕಚ್ಚಿ ಹರಿಯುತ್ತದೆ, ಅಡಿಯಲ್ಲಿ ಕೊಳಕು ನೀರು ಉಳಿಯುತ್ತದೆ.

ಸಿಮೆಂಟ್ ಕಾಂಕ್ರೀಟ್: ಸಂದುಗಳಿಲ್ಲದ ಮೇಲ್ಮೈ, ಬೇಕಾದ ಇಳಿಜಾರು, ಸ್ಥಳೀಯ ಕೆಲಸಗಾರರ ಪರಿಚಯ, ದೀರ್ಘ ಬಾಳಿಕೆ ಇವು ಇದರ ಅನುಕೂಲಗಳು. ಗಡಸುತನ, ಬೇಸಿಗೆಯ ಕಾವು ಮತ್ತು ಅಲ್ಪ ಪ್ರಮಾಣದ ಹೀರಿಕೆ ಇದರ ದೋಷಗಳು. ಈ ಮೂರಕ್ಕೂ ಪರಿಹಾರವಿರುವುದರಿಂದ ಸಾರ್ವಜನಿಕ ಗೂಡಿಗೆ ಕಾಂಕ್ರೀಟ್ ನೆಲವೇ ಯೋಗ್ಯ.

ಕಾಂಕ್ರೀಟ್ ನೆಲದ ನಿರ್ಮಾಣ ಕ್ರಮ

3 ಮೀಟರ್ ಉದ್ದ, 1.5 ಮೀಟರ್ ಅಗಲದ ಆರು ಗೂಡುಗಳ ಸಾಲನ್ನು ಉದಾಹರಣೆಯಾಗಿ ನೋಡಬಹುದು. ಒಟ್ಟು ವಿಸ್ತೀರ್ಣ 27 ಚದರ ಮೀಟರ್. 10 ಸೆಂಟಿಮೀಟರ್ ದಪ್ಪಕ್ಕೆ 2.7 ಘನ ಮೀಟರ್ ಕಾಂಕ್ರೀಟ್ ಬೇಕು. ಎಂ-20 ದರ್ಜೆಯ 1:1.5:3 ಮಿಶ್ರಣಕ್ಕೆ ಘನ ಮೀಟರಿಗೆ ಸುಮಾರು 8 ಚೀಲ ಸಿಮೆಂಟ್ ತಗಲುವುದರಿಂದ, ಒಟ್ಟು ಸುಮಾರು 22 ಚೀಲಗಳಾಗುತ್ತವೆ. ಸದಸ್ಯರು ಅಂದಾಜು ಪಟ್ಟಿಯನ್ನು ಈ ಲೆಕ್ಕದೊಡನೆ ಹೋಲಿಸಿ ನೋಡಬಹುದು.

ತಳಪಾಯ: ಮೇಲ್ಮಣ್ಣನ್ನು ತೆಗೆದು 15 ಸೆಂಟಿಮೀಟರ್ ದಪ್ಪಕ್ಕೆ ದಪ್ಪಜಲ್ಲಿ ಅಥವಾ ಗರಸು ಹರಡಿ, ನೀರು ಚಿಮುಕಿಸಿ ದಮ್ಮಸು ಮಾಡಬೇಕು. ಉತ್ತರ ಕರ್ನಾಟಕದ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರುಕು ಬಿಡುವುದರಿಂದ, ಅಲ್ಲಿ ಇನ್ನಷ್ಟು ಆಳಕ್ಕೆ ಎರೆಯನ್ನು ತೆಗೆದು ಗರಸು ತುಂಬಬೇಕು. ಆಳವನ್ನು ಅಭಿಯಂತರರು ಸ್ಥಳ ನೋಡಿ ನಿಗದಿಪಡಿಸುವುದು ಸೂಕ್ತ. ನೆಲದ ಮಟ್ಟ ಸುತ್ತಲಿನ ಭೂಮಿಗಿಂತ ಕನಿಷ್ಠ 15 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಮಳೆನೀರು ಒಳನುಗ್ಗದು.

ಇಳಿಜಾರು: 50ಕ್ಕೆ 1ರ ಪ್ರಮಾಣ ಸಾಕು. ಅಂದರೆ 3 ಮೀಟರ್ ಉದ್ದಕ್ಕೆ 6 ಸೆಂಟಿಮೀಟರ್. ಮಲಗುವ ಭಾಗ ಮೇಲೆ, ಕಾಲುವೆಯ ಭಾಗ ಕೆಳಗೆ ಇರಬೇಕು. ಇಳಿಜಾರನ್ನು ತಳಪಾಯದಲ್ಲಿಯೇ ಕೊಟ್ಟರೆ ಕಾಂಕ್ರೀಟಿನ ದಪ್ಪ ಎಲ್ಲೆಡೆ ಸಮನಾಗಿರುತ್ತದೆ.

ನೀರಿನ ಪ್ರಮಾಣ: 50 ಕಿಲೋ ಸಿಮೆಂಟ್ ಚೀಲಕ್ಕೆ 30 ಲೀಟರ್ ಮೀರಬಾರದು. ಹೆಚ್ಚು ನೀರು ಬೆರೆಸಿದರೆ ಹರಡಲು ಸುಲಭ. ಆದರೆ ಆ ನೀರು ಆವಿಯಾದ ಮೇಲೆ ಉಳಿಯುವ ಸೂಕ್ಷ್ಮ ರಂಧ್ರಗಳಲ್ಲಿ ಮೂತ್ರ ಇಂಗಿ, ಎಷ್ಟು ತೊಳೆದರೂ ಹೋಗದ ವಾಸನೆ ನೆಲೆಸುತ್ತದೆ.

ಮೇಲ್ಮೈ: ಉಕ್ಕಿನ ಕರಣೆಯಿಂದ ನುಣುಪುಗೊಳಿಸಬಾರದು. ಮರದ ಉಜ್ಜುಹಲಗೆಯಿಂದ ಸಮಗೊಳಿಸಿ, ಮೃದು ಪೊರಕೆಯಿಂದ ಇಳಿಜಾರಿನ ದಿಕ್ಕಿನಲ್ಲಿ ಹಗುರವಾಗಿ ಗೆರೆ ಎಳೆಯಬೇಕು. ಗೆರೆ ಆಳವಾದರೆ ಅಂಗಾಲು ಸವೆಯುತ್ತದೆ, ಕೊಳೆ ಕೂರುತ್ತದೆ. ಗೋಡೆ ಮತ್ತು ನೆಲ ಕೂಡುವ ಮೂಲೆಯನ್ನು ದುಂಡಗೆ ತಿದ್ದಬೇಕು.

ನೀರುಣಿಸುವಿಕೆ: ಸಾಧಾರಣ ಪೋರ್ಟ್‌ಲೆಂಡ್ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಅಥವಾ ಕಿಟ್ಟ ಬೆರೆತ ಸಿಮೆಂಟಿಗೆ ಕನಿಷ್ಠ 10 ದಿನ ನೆಲವನ್ನು ಸತತವಾಗಿ ಒದ್ದೆಯಾಗಿರಿಸಬೇಕು. ಸುಮಾರು 28 ದಿನಗಳ ನಂತರ, ನೆಲ ಒಣಗಿರುವಾಗ, ರಂಧ್ರ ಮುಚ್ಚುವ ಸೀಲರ್ ದ್ರವವನ್ನು ಬಳಿದರೆ ಹೀರಿಕೆ ಇನ್ನಷ್ಟು ತಗ್ಗುತ್ತದೆ.

ಕಾಲುವೆ ಮತ್ತು ತ್ಯಾಜ್ಯ ನೀರು

ಕಾಲುವೆಯು ಗೂಡುಗಳ ಒಳಗೆ ಹಾಯಬಾರದು. ಹಾಯ್ದರೆ ಮೊದಲ ಗೂಡಿನ ಮೂತ್ರ ಉಳಿದ ಐದು ನಾಯಿಗಳ ಕಾಲಡಿಯಲ್ಲಿ ಹರಿಯುತ್ತದೆ. ಪ್ರತಿ ಗೂಡಿನ ನೀರೂ ನೇರವಾಗಿ ಹೊರಗಿನ ಕಾಲುವೆಗೆ ಬೀಳಬೇಕು. ಗೂಡುಗಳ ನಡುವಿನ ಗೋಡೆಯ ಕೆಳಭಾಗ ಜಾಲರಿಯಾಗಿರದೆ ಘನವಾಗಿರಬೇಕು. ತೊಳೆದ ನೀರನ್ನು ಊರಿನ ತೆರೆದ ಚರಂಡಿಗಾಗಲಿ ಕೆರೆಗಾಗಲಿ ಬಿಡದೆ, ಮಲವನ್ನು ಮೊದಲೇ ಎತ್ತಿ ತೆಗೆದು, ನೀರನ್ನು ಸೆಪ್ಟಿಕ್ ಟ್ಯಾಂಕಿನ ಮೂಲಕ ಇಂಗುಗುಂಡಿಗೆ ಸೇರಿಸಬೇಕು. ಇಂಗುಗುಂಡಿಯು ಕುಡಿಯುವ ನೀರಿನ ಬಾವಿ ಹಾಗೂ ಕೊಳವೆಬಾವಿಯಿಂದ 20 ಮೀಟರಿಗಿಂತ ದೂರವಿರುವುದು ಕ್ಷೇಮ.

ಕಾವು ಮತ್ತು ಗಡಸುತನಕ್ಕೆ ಪರಿಹಾರ

ನಾಯಿಯು ಮೈಯ ಕಾವನ್ನು ಮುಖ್ಯವಾಗಿ ಏದುಸಿರಿನಿಂದಲೇ ಕಳೆದುಕೊಳ್ಳುತ್ತದೆ. ಬಳ್ಳಾರಿ, ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಬಿಸಿಲಿಗೆ ಬಿದ್ದ ಕಾಂಕ್ರೀಟ್ ಅಂಗಾಲನ್ನು ಸುಡಬಲ್ಲುದು. ಆದುದರಿಂದ ಗೂಡಿನ ಅರ್ಧಕ್ಕಿಂತ ಹೆಚ್ಚು ನೆಲಕ್ಕೆ ದಿನವಿಡೀ ನೆರಳಿರಬೇಕು. ಗಟ್ಟಿ ನೆಲದಲ್ಲಿಯೇ ಮಲಗುವ ನಾಯಿಯ ಮೊಣಕೈಗೆ ಜಡ್ಡುಗಟ್ಟಿ ಹುಣ್ಣಾಗುತ್ತದೆ. ನೆಲದಿಂದ 10ರಿಂದ 15 ಸೆಂಟಿಮೀಟರ್ ಎತ್ತರದ, ಹೊರತೆಗೆದು ತೊಳೆಯಬಹುದಾದ ಮಣೆಯೊಂದನ್ನು ಪ್ರತಿ ಗೂಡಿಗೂ ಅಂದಾಜಿನಲ್ಲಿ ಸೇರಿಸತಕ್ಕದ್ದು.

ಸ್ವಚ್ಛತೆ

ನಾಯಿಯನ್ನು ಬೇರೆಡೆಗೆ ಸಾಗಿಸಿ, ಮಲ ತೆಗೆದು, ಸಾಬೂನು ನೀರಿನಿಂದ ಉಜ್ಜಿ ತೊಳೆದ ನಂತರವೇ ಔಷಧಿ ಬಳಸಬೇಕು. ಕೊಳೆಯ ಮೇಲೆ ಸುರಿದ ಕ್ಲೋರಿನ್ ನಿಷ್ಫಲ. 10 ಲೀಟರ್ ನೀರಿಗೆ ಸುಮಾರು 70 ಗ್ರಾಂ ಹೊಸ ಬ್ಲೀಚಿಂಗ್ ಪುಡಿ ಬೆರೆಸಿದರೆ ಶೇ 0.2ರ ಕ್ಲೋರಿನ್ ದ್ರಾವಣವಾಗುತ್ತದೆ. ಅದನ್ನು 10 ನಿಮಿಷ ನೆಲದ ಮೇಲೆ ಬಿಟ್ಟು, ತೊಳೆದು, ಪೂರ್ತಿ ಒಣಗಿದ ಮೇಲೆ ನಾಯಿಯನ್ನು ಮರಳಿ ಬಿಡಬೇಕು. ಫಿನಾಯಿಲಿನ ವಾಸನೆ ಶುಚಿತ್ವದ ಗುರುತಲ್ಲ. ಪಾರ್ವೋ ವೈರಾಣುವಿಗೆ ಅದನ್ನು ನೆಚ್ಚುವಂತಿಲ್ಲ. ಬ್ಲೀಚಿಂಗ್ ಪುಡಿಯನ್ನು ಆಮ್ಲದೊಡನೆ ಎಂದಿಗೂ ಬೆರೆಸಕೂಡದು. ಹೊರಡುವ ವಿಷಾನಿಲ ಕಾರ್ಮಿಕರ ಪ್ರಾಣಕ್ಕೆ ಅಪಾಯಕಾರಿ. ಅವರಿಗೆ ಗಮ್‌ಬೂಟು, ಕೈಗವಸು ಮತ್ತು ಮುಂಜಾಗ್ರತೆಯ ರೇಬೀಸ್ ಲಸಿಕೆ ಒದಗಿಸಬೇಕು.

ಬಿಲ್ಲು ಪಾವತಿಗೆ ಮುನ್ನ ಒಂದು ಪರೀಕ್ಷೆ

ಕಾಮಗಾರಿ ಮುಗಿದ ಬಳಿಕ ಸದಸ್ಯರು ಸ್ಥಳದಲ್ಲಿ ನಿಂತು ಪ್ರತಿ ಗೂಡಿನ ಮೇಲ್ಭಾಗದಲ್ಲಿ ಒಂದು ಬಕೆಟ್ ನೀರು ಸುರಿಸಿ ನೋಡಲಿ. ನೀರು ತಾನಾಗಿ ಕಾಲುವೆ ಸೇರಿ, ಎಲ್ಲಿಯೂ ಮಡುಗಟ್ಟದಿದ್ದರೆ ಇಳಿಜಾರು ಸರಿಯಾಗಿದೆ. ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಾಲ್ಕು ಹೆಜ್ಜೆ ನಡೆಯಲಿ. ಜಾರಿದರೆ ನಾಯಿಯೂ ಜಾರುತ್ತದೆ, ಚುಚ್ಚಿದರೆ ನಾಯಿಗೂ ಚುಚ್ಚುತ್ತದೆ. ಮಡುಗಟ್ಟಿದ ಜಾಗಕ್ಕೆ ಸುಣ್ಣದ ಗುರುತು ಹಾಕಿ, ಅದು ಸರಿಯಾಗುವವರೆಗೆ ಅಂತಿಮ ಬಿಲ್ಲನ್ನು ತಡೆಹಿಡಿಯುವುದು ಉಚಿತ. ಜಾಲರಿ ತುಕ್ಕು ಹಿಡಿದರೆ ಬದಲಿಸಬಹುದು, ಚಾವಣಿ ಹಾರಿದರೆ ಮತ್ತೆ ಹೊದಿಸಬಹುದು. ನೆಲ ಕೆಟ್ಟರೆ ಗೂಡನ್ನೇ ಒಡೆಯಬೇಕಾಗುತ್ತದೆ.