ಕೆಳಗಿನ ಸ್ವಿಚ್ಚಿನ ಜಾಣತನ

ಲಿಥಿಯಂ ಬ್ಯಾಟರಿ ಕೊಡುವುದು ಸುಮಾರು 3.6 ವೋಲ್ಟ್. ಅದನ್ನು ನಂಬಿಕೊಂಡ ಚಿಪ್‌ಗೆ 1.2 ವೋಲ್ಟ್ ಸಾಕು. ‘ಹಾಗಾದರೆ ಉಳಿದ 2.4 ವೋಲ್ಟ್ ದಂಡವೇ?’ ಎಂದು ಓದುಗರೊಬ್ಬರು ಕೇಳಿದ್ದಾರೆ.

ಹಳೆಯ ಲೀನಿಯರ್ ರೆಗ್ಯುಲೇಟರ್ ಆಗಿದ್ದರೆ ಹೌದು, ಶಕ್ತಿಯ ಮೂರರಲ್ಲಿ ಎರಡು ಪಾಲು ಬರೀ ಬಿಸಿಯಾಗಿ ಹೋಗುತ್ತಿತ್ತು. ಈಗಿನ ಫೋನು, ಇಯರ್‌ಬಡ್‌ಗಳಲ್ಲಿರುವ ಸಿಂಕ್ರೊನಸ್ ಬಕ್ ಕನ್ವರ್ಟರ್ ಅಂಥ ದುಂದುಗಾರನಲ್ಲ. ಶೇಕಡಾ 90ರ ದಕ್ಷತೆ ಇದ್ದರೆ, ಅದು 1 ಆಂಪಿಯರ್ ಕೊಡುವಾಗ ಬ್ಯಾಟರಿಯಿಂದ ಎಳೆಯುವುದು 0.37 ಆಂಪಿಯರ್ ಮಾತ್ರ! ಹಾಕಿದ್ದಕ್ಕಿಂತ ಹೆಚ್ಚು ಬಂತೆಂದು ಕೈಮುಗಿಯಬೇಡಿ. ವೋಲ್ಟೇಜು ಇಳಿದಿದೆ, ಕರೆಂಟು ಏರಿದೆ, ಅಷ್ಟೇ.

ಒಳಗಿರುವುದು ಎರಡು ಸ್ವಿಚ್ಚು, ಒಂದು ತಂತಿಸುರುಳಿ, ಒಂದೆರಡು ಕೆಪಾಸಿಟರ್. ಮೇಲಿನ ಸ್ವಿಚ್ಚು ಸುರುಳಿಯನ್ನು ಬ್ಯಾಟರಿಗೆ ಜೋಡಿಸಿ ಬಿಡಿಸುತ್ತದೆ, ಸೆಕೆಂಡಿಗೆ ಹತ್ತಿಪ್ಪತ್ತು ಲಕ್ಷ ಸಲ. ಬಿಡಿಸಿದರೂ ಸುರುಳಿಯ ಕರೆಂಟು ತಟ್ಟನೆ ನಿಲ್ಲದು; ಪೆಡಲ್ ತುಳಿಯುವುದು ಬಿಟ್ಟರೂ ಉರುಳುವ ಸೈಕಲ್ ಚಕ್ರದ ಹಟ ಅದಕ್ಕೆ. ಆಗ ಹರಿಯಲು ದಾರಿ ಕೊಡುವುದೇ ಕೆಳಗಿನ ಸ್ವಿಚ್ಚು.

ಮೊದಲೆಲ್ಲ ಆ ಜಾಗದಲ್ಲಿ ಡಯೋಡ್ ಇರುತ್ತಿತ್ತು. ಪೆದ್ದ, ಆದರೆ ಪ್ರಾಮಾಣಿಕ: ಒಂದೇ ದಿಕ್ಕಿಗೆ ಬಿಡುತ್ತದೆ, ಸುಂಕವಾಗಿ ಸುಮಾರು 0.4 ವೋಲ್ಟ್ ಕಿತ್ತುಕೊಳ್ಳುತ್ತದೆ. 1.2 ವೋಲ್ಟಿನ ಸಂಸಾರದಲ್ಲಿ ಇದು ಹಗಲುದರೋಡೆ. ಅದರ ಬದಲು 50 ಮಿಲಿಓಮ್‌ನ ಮಾಸ್‌ಫೆಟ್ ಎಂಬ ಟ್ರಾನ್ಸಿಸ್ಟರ್ ಸ್ವಿಚ್ಚು ಹಾಕಿದರೆ ಒಂದು ಆಂಪಿಯರಿಗೆ ಕಳೆಯುವುದು 0.05 ವೋಲ್ಟ್.

ಆದರೆ ಮಾಸ್‌ಫೆಟ್‌ಗೆ ದಿಕ್ಕಿನ ಹಂಗಿಲ್ಲ. ತೆರೆದಿದ್ದರೆ ಎರಡೂ ಕಡೆಗೆ ಬಿಡುತ್ತದೆ. ಮೇಲಿನದೂ ಕೆಳಗಿನದೂ ಒಟ್ಟಿಗೆ ತೆರೆದರೋ ಬ್ಯಾಟರಿಗೆ ನೇರ ಶಾರ್ಟ್! ಅದಕ್ಕೇ ಒಂದು ಮುಚ್ಚಿ ಇನ್ನೊಂದು ತೆರೆಯುವ ನಡುವೆ ಕೆಲವು ನ್ಯಾನೊಸೆಕೆಂಡು ಎರಡನ್ನೂ ಮುಚ್ಚಿಟ್ಟಿರುತ್ತಾರೆ. ಇನ್ನೊಂದು ಪೇಚು, ನನಗೆ ಬಲು ಇಷ್ಟವಾದದ್ದು: ಪರದೆ ಆರಿ ಫೋನು ತೂಕಡಿಸುವಾಗ ಸುರುಳಿಯ ಕರೆಂಟು ಸೊನ್ನೆಗಿಳಿದು ಹಿಂದಕ್ಕೇ ತಿರುಗೀತು. ಕೆಪಾಸಿಟರಿನಲ್ಲಿ ಕೂಡಿಟ್ಟದ್ದು ಕೆಲಸಕ್ಕೆ ಬಾರದೆ ವಾಪಸು ಸೋರೀತು. ಹೀಗಾಗದಂತೆ ಕನ್ವರ್ಟರಿನ ಚಿಪ್ಪು ಕೆಳಗಿನ ಸ್ವಿಚ್ಚಿನ ಎರಡು ತುದಿಗಳ ನಡುವಿನ ವೋಲ್ಟೇಜನ್ನೇ ಕಾಯುತ್ತಿರುತ್ತದೆ. 100 ಮಿಲಿಆಂಪಿಯರಿಗೆ ಅಲ್ಲಿ ಸಿಗುವುದು ಬರೀ 5 ಮಿಲಿವೋಲ್ಟ್! ಆ ಪಿಸುಮಾತು ಸೊನ್ನೆ ಮುಟ್ಟಿದ್ದೇ ತಡ, ಸ್ವಿಚ್ಚು ಬಂದ್. ಮಾಸ್‌ಫೆಟ್ಟು ಡಯೋಡಿನ ವೇಷ ಹಾಕಿ ನಟಿಸುತ್ತದೆ, ಸುಂಕ ಮಾತ್ರ ಕೇಳುವುದಿಲ್ಲ.

ಮುಂದೆ ಚಿಪ್ಪೂ ಕಣ್ಣುಮುಚ್ಚುತ್ತದೆ; ವೋಲ್ಟೇಜು ತುಸು ಕುಸಿದಾಗ ಎದ್ದು, ಒಂದು ತುತ್ತು ಕೊಟ್ಟು ಮತ್ತೆ ಮಲಗುತ್ತದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಎಸ್62740 ಚಿಪ್ ಹೀಗೆ ಕಾಯುತ್ತಿರುವಾಗ ತನ್ನ ಹೊಟ್ಟೆಗೆ ತೆಗೆದುಕೊಳ್ಳುವುದು ಸುಮಾರು 360 ನ್ಯಾನೊಆಂಪಿಯರ್.

ಈ ತುತ್ತುಗಳ ಲಯ ಕೆಲವೊಮ್ಮೆ ನಮ್ಮ ಕಿವಿಗೆ ನಿಲುಕುವ ಆವರ್ತನಕ್ಕಿಳಿಯುತ್ತದೆ. ಬೇರಿಯಂ ಟೈಟನೇಟಿನ ಸೆರಾಮಿಕ್ ಕೆಪಾಸಿಟರುಗಳು ವೋಲ್ಟೇಜಿಗೆ ತಕ್ಕಂತೆ ಹಿಗ್ಗಿ ಕುಗ್ಗುತ್ತವೆ, ಬೋರ್ಡು ಅವುಗಳ ಜೊತೆ ಅದುರುತ್ತದೆ, ಸಣ್ಣಗೆ ‘ಕುಂಯ್’ ಎನ್ನುತ್ತದೆ. ಇದನ್ನು ‘ರೇಡಿಯೇಶನ್ ಸದ್ದು’ ಎಂದು ಹೆದರಿಸಿ ಬಂಗಾರ ಬಣ್ಣದ ಸ್ಟಿಕ್ಕರ್ ಮಾರುವವರಿದ್ದಾರೆ, ಕೊಳ್ಳುವ ಪದವೀಧರರೂ ಇದ್ದಾರೆ! ಸ್ಟಿಕ್ಕರಿನಿಂದ ನಯಾಪೈಸೆ ಉಪಯೋಗವಿಲ್ಲ. ಎಂಜಿನಿಯರುಗಳ ಮದ್ದು ಬೇರೆ: ಚಿಪ್ಪು ಎಷ್ಟೇ ಬಿಡುವಾಗಿದ್ದರೂ ಸೆಕೆಂಡಿಗೆ 20 ಸಾವಿರಕ್ಕಿಂತ ಕಡಿಮೆ ತುತ್ತು ಕೊಡದಂತೆ ಕಟ್ಟು ಹಾಕುತ್ತಾರೆ. ಆಗ ಸದ್ದು ಕಿವಿಯ ಅಳವು ಮೀರಿ ಹೋಗುತ್ತದೆ, ಬ್ಯಾಟರಿ ಮಾತ್ರ ತುಸು ಬೇಗ ಇಳಿಯುತ್ತದೆ.