ಸ್ಪ್ರೇಯರ್ ತೊಳೆಯುವ ಬಗ್ಗೆ ನಾಲ್ಕು ತಪ್ಪು ಕಲ್ಪನೆಗಳು

ಭತ್ತದ ಗದ್ದೆಗೆ ಕಳೆನಾಶಕ ಹೊಡೆದ ಸ್ಪ್ರೇಯರನ್ನೇ ಕೆಲವು ದಿನ ಬಿಟ್ಟು ಟೊಮೆಟೊ ತೋಟಕ್ಕೆ ಒಯ್ಯುವುದು ನಮ್ಮ ಹಳ್ಳಿಗಳಲ್ಲಿ ಮಾಮೂಲು. ನಡುವೆ ಒಂದು ಸಲ ನೀರು ತುಂಬಿ, ಕುಲುಕಿ, ಚೆಲ್ಲಿರುತ್ತಾರೆ. ಆಮೇಲೆ ಟೊಮೆಟೊದ ಎಳೆ ಎಲೆಗಳು ಕಿರಿದಾಗಿ, ತಿರುಚಿ ಮುರುಟಿಕೊಂಡರೆ ಅದು ಬಿಳಿನೊಣ ಹರಡಿದ ಎಲೆಮುರುಟು ನಂಜುರೋಗವೆಂದು ತಿಳಿದು ಇನ್ನೊಂದು ಕೀಟನಾಶಕಕ್ಕೆ ದುಡ್ಡು ಸುರಿಯುತ್ತಾರೆ. ನಂಜುರೋಗ ಸಾಮಾನ್ಯವಾಗಿ ಅಲ್ಲೊಂದು ಇಲ್ಲೊಂದು ಗಿಡದಲ್ಲಿ ಶುರುವಾಗಿ ಹರಡುತ್ತದೆ. ಸಿಂಪಡಿಸಿದ ಸಾಲುಗಳೆಲ್ಲ ಒಟ್ಟಿಗೇ ಮುರುಟಿದರೆ ಮೊದಲು ಅನುಮಾನಿಸಬೇಕಾದದ್ದು ಟ್ಯಾಂಕನ್ನು. ಭತ್ತ, ರಾಗಿ, ಕಬ್ಬಿನಲ್ಲಿ ಬಳಸುವ 2,4-ಡಿ ಕಳೆನಾಶಕ ಹುಲ್ಲಿನ ಜಾತಿಯ ಬೆಳೆಗೆ ಹೆಚ್ಚು ತೊಂದರೆ ಕೊಡದೆ ಅಗಲ ಎಲೆಯ ಸಸ್ಯಗಳನ್ನು ಕೆಡಿಸುತ್ತದೆ. ಹತ್ತಿ, ಟೊಮೆಟೊ, ದ್ರಾಕ್ಷಿಗಳಿಗೆ ಅದರ ಅತ್ಯಲ್ಪ ಶೇಷವೂ ಸಾಕು. ಹಾಗಾಗಿ ಸ್ಪ್ರೇಯರ್ ತೊಳೆಯುವುದನ್ನು ಸಿಂಪಡಣೆಯ ಕೊನೆಯ ಹಂತವೆಂದೇ ಎಣಿಸಬೇಕು.

ತಪ್ಪು ಕಲ್ಪನೆ: ಒಂದು ಸಲ ಜಾಸ್ತಿ ನೀರು ಹಾಕಿ ತೊಳೆದರೆ ಸಾಕು.

ಸತ್ಯ: ಎಷ್ಟು ನೀರು ಎನ್ನುವುದಕ್ಕಿಂತ ಎಷ್ಟು ಬಾರಿ ಎನ್ನುವುದು ಮುಖ್ಯ. ಟ್ಯಾಂಕು ಖಾಲಿಯಾದಂತೆ ಕಂಡರೂ ಪಂಪು, ಪೈಪು, ಜರಡಿ, ಕೋಲು, ನಾಝಲ್‌ಗಳಲ್ಲಿ ದ್ರಾವಣ ಉಳಿದಿರುತ್ತದೆ. ಅದು 200 ಮಿಲಿ ಎಂದುಕೊಳ್ಳೋಣ. 6 ಲೀಟರ್ ನೀರನ್ನು ಒಂದೇ ಸಲ ಸುರಿದು ಕಲಕಿದರೆ ಔಷಧಿಯ ಸಾಂದ್ರತೆ 31ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅದೇ 6 ಲೀಟರನ್ನು 2 ಲೀಟರಿನಂತೆ ಮೂರು ಸಲ ಹಾಕಿ, ಪ್ರತಿ ಸಲವೂ ಚೆನ್ನಾಗಿ ಕುಲುಕಿ ನಾಝಲ್ ಮೂಲಕವೇ ಹೊರಬಿಟ್ಟರೆ, ಪ್ರತಿ ಬಾರಿ 11ರಲ್ಲಿ ಒಂದು ಪಾಲು ಉಳಿದು ಕೊನೆಗೆ 1,331ರಲ್ಲಿ ಒಂದು ಪಾಲಿಗೆ ಬರುತ್ತದೆ. ನೀರು ಅಷ್ಟೇ, ಫಲ ನಲವತ್ತು ಪಟ್ಟಿಗಿಂತ ಹೆಚ್ಚು. ಬೇಸಿಗೆಯಲ್ಲಿ ತೊಳೆಯಲು ನೀರೆಲ್ಲಿದೆ ಎನ್ನುವ ರೈತರ ಮಾತು ನ್ಯಾಯವಾದದ್ದೇ. ನೀರಿನ ಕೊರತೆ ಇರುವವರಿಗೇ ಈ ಲೆಕ್ಕ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ತಪ್ಪು ಕಲ್ಪನೆ: ಹೊರಬರುವ ನೀರು ತಿಳಿಯಾಗಿದ್ದು ವಾಸನೆ ಹೋಗಿದ್ದರೆ ಸ್ಪ್ರೇಯರ್ ಸ್ವಚ್ಛವಾಗಿದೆ.

ಸತ್ಯ: ಕಣ್ಣು, ಮೂಗುಗಳಿಗೆ ತಿಳಿಯದ ಪ್ರಮಾಣವೇ ಸೂಕ್ಷ್ಮ ಬೆಳೆಯನ್ನು ಕೆಡಿಸಬಲ್ಲದು. ಎಣ್ಣೆಯಂಶವಿರುವ ಔಷಧಿಗಳು ರಬ್ಬರ್ ಮತ್ತು ಪ್ಲಾಸ್ಟಿಕ್ ಭಾಗಗಳಿಗೆ ಅಂಟಿಕೊಳ್ಳುತ್ತವೆ. ಬರೀ ನೀರು ಅವನ್ನು ಬಿಡಿಸಲಾರದು. ಮುಂದಿನ ಸಲ ಹಾಕುವ ಕೀಟನಾಶಕದಲ್ಲಿರುವ ದ್ರಾವಕ ಮತ್ತು ಅಂಟುದ್ರವ ಅವನ್ನು ಸಡಿಲಿಸಿ ಬೆಳೆಯ ಮೇಲೆ ಬೀಳಿಸುತ್ತವೆ. ಕಳೆದ ತಿಂಗಳು ತೊಳೆದಿದ್ದ ಸ್ಪ್ರೇಯರಿನಿಂದ ಈ ತಿಂಗಳು ಹಾನಿಯಾಗುವುದು ಹೀಗೆ. ಆದ್ದರಿಂದ 2,4-ಡಿ ಹೊಡೆದ ಮೇಲೆ ಮೊದಲು ನೀರಿನಿಂದ ತೊಳೆದು, ಸೋಪಿನ ಪುಡಿ ಅಥವಾ ವಾಷಿಂಗ್ ಸೋಡಾ ಕರಗಿಸಿದ ನೀರನ್ನು ಪೈಪು, ಕೋಲಿನವರೆಗೂ ತುಂಬಿಸಿ ರಾತ್ರಿಯಿಡೀ ಬಿಟ್ಟು, ಮರುದಿನ ಮತ್ತೆ ನೀರಿನಲ್ಲಿ ತೊಳೆಯಬೇಕು. ಜರಡಿ, ನಾಝಲ್‌ಗಳನ್ನು ಬಿಚ್ಚಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಬೇರೆಯಾಗಿ ಉಜ್ಜಬೇಕು; ಬಾಯಲ್ಲಿ ಊದಬಾರದು. ತೊಳೆಯಲು ಬ್ಲೀಚಿಂಗ್ ಪುಡಿ ಬಳಸುವವರು ಅದನ್ನು ಅಮೋನಿಯಾದೊಂದಿಗೆ ಎಂದೂ ಬೆರೆಸಬಾರದು, ವಿಷಾನಿಲ ಹುಟ್ಟುತ್ತದೆ. ಇಷ್ಟೆಲ್ಲ ಮಾಡಿದರೂ 2,4-ಡಿ ಪೂರ್ತಿ ಹೋಗಿದೆಯೆಂದು ಖಾತರಿ ಕೊಡಲಾಗದು. ಕಳೆನಾಶಕಕ್ಕೆ ಬೇರೆಯದೇ ಸ್ಪ್ರೇಯರ್ ಇಟ್ಟುಕೊಳ್ಳುವುದು ಎಲ್ಲಕ್ಕಿಂತ ಸುರಕ್ಷಿತ. ಅದಕ್ಕೆ ಖರ್ಚಾಗುತ್ತದೆ, ನಿಜ. ಆದರೆ ಒಂದು ಟೊಮೆಟೊ ಬೆಳೆಯ ಬಂಡವಾಳದ ಮುಂದೆ ಕೈಯಿಂದ ಒತ್ತುವ ಸ್ಪ್ರೇಯರಿನ ಬೆಲೆ ದೊಡ್ಡದಲ್ಲ. ಅಕ್ಕಪಕ್ಕದ ಹೊಲದವರು ಸೇರಿ ಒಂದನ್ನು ಕೊಂಡರೂ ಆಗುತ್ತದೆ.

ತಪ್ಪು ಕಲ್ಪನೆ: ಹರಿಯುವ ನೀರಿನಲ್ಲಿ ತೊಳೆದರೆ ವಿಷ ಕೊಚ್ಚಿಕೊಂಡು ಹೋಗುತ್ತದೆ.

ಸತ್ಯ: ಹೋಗುವುದು ಕೆಳಗಿನವರ ಪಾಲಿಗೆ. ಸೈಪರ್‌ಮೆಥ್ರಿನ್‌ನಂಥ ಪೈರೆಥ್ರಾಯ್ಡ್ ಕೀಟನಾಶಕಗಳು ಲೀಟರ್ ನೀರಿಗೆ ಮೈಕ್ರೋಗ್ರಾಂ ಲೆಕ್ಕದಲ್ಲಿದ್ದರೂ ಮೀನು, ಸಿಗಡಿಗಳಿಗೆ ಮಾರಕ. ಹಳ್ಳ, ಕಾಲುವೆ, ಕೆರೆ ದನಕರು ಕುಡಿಯುವ ನೀರೂ ಹೌದು. ಉಳಿದ ಔಷಧಿ ಮತ್ತು ತೊಳೆದ ನೀರಿನಿಂದ ಜಲಮಾಲಿನ್ಯವಾಗಬಾರದೆಂದು 1971ರ ಕೀಟನಾಶಕ ನಿಯಮಗಳೂ ಹೇಳುತ್ತವೆ.

ತಪ್ಪು ಕಲ್ಪನೆ: ತೊಳೆದ ನೀರನ್ನು ಹೊಲಕ್ಕೇ ಹೊಡೆದರೆ ಔಷಧಿ ಎರಡು ಪಟ್ಟಾಗಿ ಬೆಳೆ ಸುಡುತ್ತದೆ.

ಸತ್ಯ: ಮೇಲಿನ ಲೆಕ್ಕವನ್ನೇ ನೋಡಿ. ಮೂರು ಬಾರಿ ತೊಳೆದ ನೀರಿನಲ್ಲಿ ಒಟ್ಟಾರೆ ಇರುವುದು 200 ಮಿಲಿ ದ್ರಾವಣದಷ್ಟು ಔಷಧಿ. ಆಗಷ್ಟೇ ಸಿಂಪಡಿಸಿದ ಅದೇ ಹೊಲದಲ್ಲಿ, ಒಂದೇ ಕಡೆ ನಿಲ್ಲದೆ ಬೇಗಬೇಗ ನಡೆಯುತ್ತಾ ಹರಡಿದರೆ ಪ್ರಮಾಣ ಗಣನೀಯವಾಗಿ ಏರುವುದಿಲ್ಲ. ಅದನ್ನು ಬದುವಿನ ಒಂದು ಮೂಲೆಯಲ್ಲಿ ಸುರಿದರೆ ಮಾತ್ರ ಅಷ್ಟೂ ವಿಷ ಒಂದೆಡೆ ಸೇರುತ್ತದೆ. ಸೋಪು, ಸೋಡಾ ಹಾಕಿದ ನೀರನ್ನಷ್ಟೇ ಬೆಳೆಗೆ ಹೊಡೆಯದೆ, ಬಾವಿ, ಬೋರ್‌ವೆಲ್, ಹಳ್ಳಗಳಿಂದ ದೂರದ ಪಾಳು ಜಾಗದಲ್ಲಿ ತೆಳುವಾಗಿ ಹರಡಬೇಕು. ತೊಳೆಯುವಾಗಲೂ ಕೈಗವಸು ತೆಗೆಯಬಾರದು. ಶೇಷವಿದ್ದಷ್ಟು ಹೊತ್ತೂ ಅಪಾಯ ಸಿಂಪಡಿಸುವವರಿಗೇ.

ದಣಿದ ಮೈಗೆ ಸಂಜೆ ಈ ಕೆಲಸ ಹೊರೆಯೆನಿಸುವುದು ಸಹಜ. ಆದರೆ ಒಣಗಿದ ಶೇಷವನ್ನು ನಾಳೆ ಬಿಡಿಸುವುದು ಇನ್ನೂ ಕಷ್ಟ. ಹೊಲಕ್ಕೆ ಹೊರಡುವಾಗ ಔಷಧಿಯ ನೀರಿನ ಜೊತೆಗೆ ತೊಳೆಯುವ 6 ಲೀಟರನ್ನೂ ಲೆಕ್ಕ ಹಾಕಿ ಒಯ್ದರೆ, ಮುಂದಿನ ಬೆಳೆ, ಕೆಳಗಿನ ಊರಿನ ನೀರು, ಸಿಂಪಡಿಸುವವರ ಮೈ ಮೂರನ್ನೂ ಕಾಯ್ದಂತಾಗುತ್ತದೆ.