ಎತ್ತು ಹಿಂದೆ, ಬಂಡಿ ಮುಂದೆ

ಯಂಕಂಚಿಯಿಂದ ಸಿಂದಗಿಗೆ ಹೊರಟ ಬಂಡಿಯಲ್ಲಿ ಎತ್ತುಗಳು ಮುಂದಿರುತ್ತವೆ, ಬಂಡಿ ಹಿಂದಿರುತ್ತದೆ. ಇದರಲ್ಲಿ ಹೇಳುವಂಥ ವಿಶೇಷವೇನೂ ಇಲ್ಲ. ಮೋಟಾರು ಕಾರು ಬಂದಾಗಲೂ, ಮೊದಮೊದಲ ಕೆಲವು ಪ್ರಯೋಗಗಳ ನಂತರ, ಜನ ಇದೇ ಕ್ರಮಕ್ಕೆ ಮರಳಿದರು. ಎತ್ತು, ಕುದುರೆಗಳಿದ್ದ ಜಾಗದಲ್ಲಿ ಎಂಜಿನ್ ಬಂದು ಕುಳಿತಿತು. ಎಳೆಯುವ ಪ್ರಾಣಿ ಗಾಡಿಯ ಮುಂದಿರಬೇಕು, ಹಿಂದಿನಿಂದ ನೂಕಬಾರದು ಎಂಬರ್ಥದ ಮಾತೊಂದು ಇಟಲಿಯ ಎಂಜೊ ಫೆರಾರಿಯದೆಂದು ಪಂದ್ಯದ ವಲಯದಲ್ಲಿ ಪ್ರಚಲಿತವಾಗಿದೆ. ಆದರೆ ಇಂದು ಫೆರಾರಿಯದೂ ಸೇರಿದಂತೆ ಫಾರ್ಮುಲಾ ಒನ್ ಪಂದ್ಯದ ಪ್ರತಿಯೊಂದು ಕಾರಿನಲ್ಲೂ ಎಂಜಿನ್ ಇರುವುದು ಚಾಲಕನ ಬೆನ್ನ ಹಿಂದೆ. ಬೆಂಗಳೂರಿನ ಉದ್ಯಮಿ ವಿಜಯ ಮಲ್ಯ ಅವರ ಫೋರ್ಸ್ ಇಂಡಿಯಾ ತಂಡ 2008ರಿಂದ 2018ರವರೆಗೆ ಓಡಿಸಿದ ಕಾರುಗಳೂ ಹಾಗೆಯೇ ಇದ್ದವು.

ಈ ಕ್ರಮವನ್ನು ದೊಡ್ಡ ಪ್ರಮಾಣದಲ್ಲಿ ಪಣಕ್ಕೊಡ್ಡಿ ಗೆದ್ದು, ಸೋತು, ಕಡೆಗೆ ಕಣ್ಮರೆಯಾದ ಕಾರೊಂದುಂಟು. ಅದು ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಜರ್ಮನಿಯ ಆಟೊ ಯೂನಿಯನ್.

ಹೆಸರು ಅಪರಿಚಿತವೆನಿಸಬಹುದು, ಆದರೆ ಅದರ ಗುರುತನ್ನು ನಾವೆಲ್ಲ ಕಂಡಿದ್ದೇವೆ. ಆಡಿ ಕಾರಿನ ಮುಖದ ಮೇಲಿನ ನಾಲ್ಕು ಉಂಗುರಗಳೇ ಅವು. 1932ರಲ್ಲಿ ಸ್ಯಾಕ್ಸನಿ ಪ್ರಾಂತ್ಯದ ಆಡಿ, ಡಿಕೆಡಬ್ಲ್ಯೂ, ಹಾರ್ಶ್ ಕಂಪನಿಗಳೂ ವಾಂಡರರ್ ಕಂಪನಿಯ ಕಾರು ವಿಭಾಗವೂ ಒಂದಾದವು. ಒಂದೊಂದಕ್ಕೆ ಒಂದೊಂದು ಉಂಗುರ. ನಾಲ್ಕನೆಯದಾದ ವಾಂಡರರ್‌ಗೆ ನಮ್ಮ ಕಡೆಯ ನಂಟೂ ಇದೆ. ಅದರ ಮೋಟಾರ್ ಸೈಕಲ್ ವಿಭಾಗವನ್ನು ಜೆಕೊಸ್ಲೊವಾಕಿಯದ ಯಾನೆಚೆಕ್ ಎಂಬಾತ 1929ರಲ್ಲಿ ಕೊಂಡುಕೊಂಡ. ಯಾನೆಚೆಕ್‌ನ ಮೊದಲಕ್ಷರವೂ ವಾಂಡರರ್‌ನ ಮೊದಲಕ್ಷರವೂ ಸೇರಿ ‘ಜಾವಾ’ ಆಯಿತು. 1960ರ ದಶಕದಿಂದ ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗಿ, ಮುಂದೆ ಯೆಜ್ಡಿ ಎಂಬ ಹೆಸರಿನಿಂದ ನಾಡೆಲ್ಲ ಓಡಾಡಿದ ಗಾಡಿ ಅದೇ.

1934ರಿಂದ ಗ್ರಾಂಪ್ರಿ ಪಂದ್ಯಗಳಿಗೆ ಹೊಸ ನಿಯಮವೊಂದು ಬಂತು. ಇಂಧನ, ಎಣ್ಣೆ, ನೀರು, ಟೈರು ಬಿಟ್ಟು ಕಾರಿನ ತೂಕ 750 ಕಿಲೊ ಮೀರಬಾರದು. ಭಾರ ಕಡಿಮೆಯಾದರೆ ಎಂಜಿನ್ ಚಿಕ್ಕದಾಗುತ್ತದೆ, ವೇಗ ತಗ್ಗುತ್ತದೆ ಎಂಬುದು ನಿಯಮ ಮಾಡಿದವರ ಎಣಿಕೆ. ಅದು ಪೂರ್ತಿ ತಲೆಕೆಳಗಾಯಿತು. ಫರ್ಡಿನಾಂಡ್ ಪೋರ್ಶೆ ಹಗುರವಾದ ಚೌಕಟ್ಟಿನಲ್ಲಿ ದೈತ್ಯ ಎಂಜಿನ್ನನ್ನೇ ಕೂರಿಸಿದ. ಹದಿನಾರು ಸಿಲಿಂಡರುಗಳು, ಎಂಟೆಂಟರ ಎರಡು ಸಾಲು, ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರ್. 1934ರಲ್ಲಿ 4.4 ಲೀಟರಿನಿಂದ 295 ಅಶ್ವಶಕ್ತಿ. 1936ರ ಸಿ ಮಾದರಿಯಲ್ಲಿ 6 ಲೀಟರಿನಿಂದ 520. ನಮ್ಮ ಹಳೆಯ ಅಂಬಾಸಿಡರ್ ಕಾರಿನದು ಸುಮಾರು 50 ಅಶ್ವಶಕ್ತಿ, ತೂಕ ಒಂದು ಟನ್ನಿಗೂ ಹೆಚ್ಚು ಎಂಬುದನ್ನು ನೆನೆದರೆ ಅಂದಾಜು ಸಿಕ್ಕೀತು.

ಎಂಜಿನ್ನನ್ನು ಹಿಂದೆ ಇಟ್ಟದ್ದು ಹುಚ್ಚಾಟವಲ್ಲ. ಮುಂದಿನ ಎಂಜಿನ್ನಿನಿಂದ ಹಿಂದಿನ ಗಾಲಿಗೆ ಶಕ್ತಿ ಒಯ್ಯುವ ಉದ್ದನೆಯ ದಂಡ ಬೇಡವಾಯಿತು. ಚಾಲಕನ ಆಸನ ನೆಲಕ್ಕೆ ಹತ್ತಿರವಾಯಿತು. ತಿರುಗುವ ಗಾಲಿಗಳ ಮೇಲೆಯೇ ಭಾರ ಬಿದ್ದು ಹಿಡಿತ ಹೆಚ್ಚಿತು. ಇಂಧನದ ಟ್ಯಾಂಕು ಚಾಲಕನಿಗೂ ಎಂಜಿನ್ನಿಗೂ ನಡುವೆ ಬಂದದ್ದರಿಂದ, ಅದು ತುಂಬಿರಲಿ ಬರಿದಾಗಲಿ, ಕಾರಿನ ತೂಕದ ಹಂಚಿಕೆ ಹೆಚ್ಚು ಬದಲಾಗುತ್ತಿರಲಿಲ್ಲ. ಲೆಕ್ಕ ಸರಿಯಾಗಿಯೇ ಇತ್ತು.

ತಪ್ಪಿದ್ದು ಅಚ್ಚಿನಲ್ಲಿ. ಬಂಡಿಯ ಅಚ್ಚು ಈ ಗಾಲಿಯಿಂದ ಆ ಗಾಲಿಗೆ ನೇರವಾಗಿ ಹಾಯ್ದಿರುತ್ತದೆ; ಆದ್ದರಿಂದ ಎರಡು ಗಾಲಿಗಳೂ ಒಂದಕ್ಕೊಂದು ಹೊಂದಿಕೊಂಡೇ ನಿಲ್ಲುತ್ತವೆ. ಪೋರ್ಶೆಯ ಕಾರಿನ ಹಿಂದಿನ ಅಚ್ಚನ್ನು ನಡುವೆ ತುಂಡರಿಸಿ ಕೀಲು ಹಾಕಲಾಗಿತ್ತು. ಹದಗೆಟ್ಟ ರಸ್ತೆಯಲ್ಲಿ ಪ್ರತಿ ಗಾಲಿಯೂ ತನ್ನಷ್ಟಕ್ಕೆ ಏರಿಳಿಯಲು ಇದು ಅನುಕೂಲ. ಆದರೆ ವೇಗದ ತಿರುವಿನಲ್ಲಿ ಕಾರಿನ ಹಿಂಭಾಗ ತುಸು ಮೇಲೆದ್ದರೆ ಗಾಲಿಗಳು ಒಳಕ್ಕೆ ಓರೆಯಾಗಿ, ಟೈರಿನ ಅಂಚಷ್ಟೇ ನೆಲ ಮುಟ್ಟುತ್ತಿತ್ತು. ಹಿಡಿತ ಫಕ್ಕನೆ ತಪ್ಪುತ್ತಿತ್ತು, ಭಾರದ ಹಿಂಭಾಗ ಸುತ್ತಿಕೊಂಡು ಮುಂದೆ ಬರುತ್ತಿತ್ತು. ಚಾಲಕನೋ ತೀರ ಮುಂದೆ ಕುಳಿತಿರುತ್ತಿದ್ದ; ಹಿಂದೆ ನಡೆದದ್ದು ಅವನಿಗೆ ತಿಳಿಯುವ ಹೊತ್ತಿಗೆ ತಡವಾಗಿರುತ್ತಿತ್ತು. ಅಂದಿನ ಕಿರಿದಾದ ಟೈರುಗಳು 520 ಅಶ್ವಶಕ್ತಿಯನ್ನು ತಾಳಲಾರದೆ, ಗಂಟೆಗೆ 160 ಕಿಲೊಮೀಟರ್ ವೇಗದಲ್ಲೂ ಜಾರಿ ತಿರುಗುತ್ತಿದ್ದವು.

ಇಂಥ ಕಾರನ್ನು ಪಳಗಿಸಿದವನು ಬರ್ನ್ಡ್ ರೋಸೆಮೈಯರ್. ಡಿಕೆಡಬ್ಲ್ಯೂ ಮೋಟಾರ್ ಸೈಕಲ್ ಪಂದ್ಯಗಳಿಂದ ನೇರವಾಗಿ ಬಂದಿದ್ದ ಈತ ಅದಕ್ಕೆ ಮುಂಚೆ ರೇಸ್ ಕಾರು ಓಡಿಸಿದವನೇ ಅಲ್ಲ. ಬಹುಶಃ ಅದೇ ಅವನ ಅದೃಷ್ಟ: ಮರೆಯಬೇಕಾದ ಹಳೆಯ ರೂಢಿ ಯಾವುದೂ ಇರಲಿಲ್ಲ. 1935ರ ಸೆಪ್ಟೆಂಬರಿನಲ್ಲಿ ಬರ್ನೊ ನಗರದಲ್ಲಿ ಮೊದಲ ಗೆಲುವು. 1936ರಲ್ಲಿ ನ್ಯೂರ್‌ಬರ್ಗ್‌ನ ದಟ್ಟ ಮಂಜಿನಲ್ಲಿ, ಇತರರು ದಾರಿ ಕಾಣದೆ ವೇಗ ತಗ್ಗಿಸಿದಾಗ, ಈತ ಹಾಗೇ ನುಗ್ಗಿ ಗೆದ್ದ. ಆ ವರ್ಷ ಜರ್ಮನಿ, ಸ್ವಿಟ್ಜರ್ಲೆಂಡ್, ಇಟಲಿಯ ಗ್ರಾಂಪ್ರಿಗಳನ್ನು ಗೆದ್ದು ಯೂರೋಪಿನ ಚಾಂಪಿಯನ್ ಆದ. ಅವನ ಹೆಂಡತಿ ಎಲಿ ಬೈನ್‌ಹಾರ್ನ್ ಅವನಿಗಿಂತ ಮೊದಲೇ ಹೆಸರಾಗಿದ್ದ ವಿಮಾನ ಚಾಲಕಿ.

ಈ ಪಂದ್ಯಗಳ ಹಿಂದೆ ಹಿಟ್ಲರನ ಸರ್ಕಾರದ ಹಣವಿತ್ತು. ಮರ್ಸಿಡಿಸ್ ಬೆಂಜ್, ಆಟೊ ಯೂನಿಯನ್ ಎರಡಕ್ಕೂ ಸಹಾಯಧನ ಕೊಟ್ಟು, ಗೆಲುವನ್ನೆಲ್ಲ ಆಳ್ವಿಕೆಯ ಪ್ರಚಾರಕ್ಕೆ ಬಳಸಿಕೊಳ್ಳಲಾಯಿತು. ಎರಡು ಕಂಪನಿಗಳ ಪೈಪೋಟಿ ಹೆದ್ದಾರಿಯ ಮೇಲಿನ ವೇಗದ ದಾಖಲೆಗಳಿಗೂ ಹಬ್ಬಿತು. 1938ರ ಜನವರಿ 28ರ ಬೆಳಿಗ್ಗೆ ಫ್ರಾಂಕ್‌ಫರ್ಟ್–ಡಾರ್ಮ್‌ಸ್ಟಾಟ್ ರಸ್ತೆಯಲ್ಲಿ ಮರ್ಸಿಡಿಸ್‌ನ ಕರಚಿಯೋಲ ಗಂಟೆಗೆ 432 ಕಿಲೊಮೀಟರ್ ದಾಟಿದ. ಅದನ್ನು ಮೀರಿಸಲು ರೋಸೆಮೈಯರ್ ಹೊರಟಾಗ ಗಾಳಿ ಎದ್ದಿತ್ತು. ಕಾರು ರಸ್ತೆಯಿಂದ ಹಾರಿ ಛಿದ್ರವಾಯಿತು. ಸತ್ತಾಗ ಅವನಿಗೆ 28 ವರ್ಷ, ಮಗನಿಗೆ ಎರಡೂವರೆ ತಿಂಗಳು.

ಅದೇ ವರ್ಷ ನಿಯಮ ಬದಲಾಗಿ, ಸೂಪರ್‌ಚಾರ್ಜರ್ ಇರುವ ಎಂಜಿನ್ನಿಗೆ 3 ಲೀಟರಿನ ಮಿತಿ ಬಂತು. ಡಿ ಮಾದರಿಯನ್ನು ರೂಪಿಸುವಾಗ ಎಂಜಿನಿಯರುಗಳು ತುಂಡು ಅಚ್ಚನ್ನು ಬಿಟ್ಟು ಹಿಂದಿನ ಎರಡು ಗಾಲಿಗಳನ್ನು ಒಂದು ಕೊಳವೆಯಿಂದ ಜೋಡಿಸಿದರು. ಒಂದರ್ಥದಲ್ಲಿ ಬಂಡಿಯ ಅಚ್ಚಿಗೇ ಮರಳಿದರು! ಚಾಲಕನ ಆಸನವೂ ಹಿಂದೆ ಸರಿಯಿತು, ಕಾರು ಸಾಧುವಾಯಿತು. ಇಟಲಿಯ ನುವೊಲಾರಿ ಅದರಲ್ಲಿ 1938ರಲ್ಲಿ ಮೊಂಜಾ ಮತ್ತು ಡಾನಿಂಗ್ಟನ್ ಪಂದ್ಯಗಳನ್ನೂ, 1939ರ ಸೆಪ್ಟೆಂಬರ್ 3ರಂದು ಬೆಲ್‌ಗ್ರೇಡ್ ಪಂದ್ಯವನ್ನೂ ಗೆದ್ದ. ಬ್ರಿಟನ್, ಫ್ರಾನ್ಸ್‌ಗಳು ಜರ್ಮನಿಯ ಮೇಲೆ ಯುದ್ಧ ಸಾರಿದ್ದು ಅದೇ ದಿನ.

ಯುದ್ಧ ಮುಗಿದಾಗ ರೇಸ್ ವಿಭಾಗವಿದ್ದ ಝ್ವಿಕಾವ್ ಊರು ಸೋವಿಯತ್ ಸೇನೆಯ ವಶಕ್ಕೆ ಬಂತು. ಅಡಗಿಸಿಟ್ಟಿದ್ದ ಕಾರುಗಳನ್ನು ರೈಲಿಗೇರಿಸಿ ರಷ್ಯಕ್ಕೆ ಒಯ್ದರು. ಅಲ್ಲಿ ಅವುಗಳಲ್ಲಿ ಬಹುಪಾಲು ಬಿಚ್ಚಿ ನೋಡುವ ವಸ್ತುಗಳಾಗಿ, ಕಡೆಗೆ ಗುಜರಿಯಾದವು. ಗುಜರಿಗೆ ಹೋಗಲಿದ್ದ ಒಂದನ್ನು ಲಾಟ್ವಿಯದ ಹಳೆಯ ಕಾರುಗಳ ಅಭಿಮಾನಿಗಳು 1976ರಲ್ಲಿ ಉಳಿಸಿಕೊಂಡರು. ಕಬ್ಬಿಣದ ಪರದೆಯ ಈಚೆ ನೆನಪಷ್ಟೇ ಉಳಿಯಿತು, ಅದೂ ಹಿಂದಿನ ಎಂಜಿನ್ನೆಂದರೆ ಅಪಾಯ ಎಂಬ ನೆನಪು. ಅಚ್ಚಿನ ದೋಷ ಎಂಜಿನ್ನಿನ ತಲೆಗೆ ಬಂದಿತ್ತು. ಇಂಗ್ಲೆಂಡಿನ ಕೂಪರ್ ಎಂಬ ಸಣ್ಣ ಕಂಪನಿ, ಮೋಟಾರ್ ಸೈಕಲ್ ಎಂಜಿನ್ನಿನ ಪುಟ್ಟ ಕಾರುಗಳಿಂದ ತನ್ನದೇ ದಾರಿಯಲ್ಲಿ ಬಂದು, ಬ್ರಾಬಮ್‌ನ ಕೈಯಲ್ಲಿ 1959ರ ವಿಶ್ವ ಚಾಂಪಿಯನ್ ಪಟ್ಟ ಪಡೆದ ಮೇಲಷ್ಟೇ ಉಳಿದವರು ಕಣ್ಣುಬಿಟ್ಟರು. 1961ರಲ್ಲಿ ಫೆರಾರಿಯೂ ಎಂಜಿನ್ನನ್ನು ಹಿಂದಕ್ಕೆ ಸರಿಸಿ ಚಾಂಪಿಯನ್ ಆಯಿತು.

ಆಟೊ ಯೂನಿಯನ್ ಕಾರಿನ ಯಶಸ್ಸನ್ನು ಸಾಮಾನ್ಯವಾಗಿ ಪೋರ್ಶೆಯ ಖಾತೆಗೆ ಬರೆಯುತ್ತಾರೆ. ಅದು ಪೂರ್ತಿ ನ್ಯಾಯವಲ್ಲ. ಎಂಜಿನ್ ಹಿಂದಿದ್ದ ಬೆಂಜ್ ರೇಸ್ ಕಾರು 1923ರಲ್ಲೇ ಮೊಂಜಾದಲ್ಲಿ ಓಡಿತ್ತು. ಅದಕ್ಕೆ ಸ್ಫೂರ್ತಿ ಎಡ್ಮಂಡ್ ರುಂಪ್ಲರ್ ಎಂಬ ಎಂಜಿನಿಯರನ ಕಾರು. ಆ ಬೆಂಜ್ ಕಾರನ್ನು ಪಂದ್ಯಗಳಲ್ಲಿ ಓಡಿಸಿ ಬಲ್ಲವನು ಅಡಾಲ್ಫ್ ರೋಸೆನ್‌ಬರ್ಗರ್. 1931ರಲ್ಲಿ ಪೋರ್ಶೆಯ ವಿನ್ಯಾಸ ಕಚೇರಿ ತೆರೆದಾಗ ಹಣ ಹೂಡಿ ಶೇಕಡಾ 10ರ ಪಾಲುದಾರನಾಗಿದ್ದವನೂ ಇವನೇ. ರುಂಪ್ಲರ್, ರೋಸೆನ್‌ಬರ್ಗರ್ ಇಬ್ಬರೂ ಯಹೂದಿ ಮೂಲದವರು. 1935ರಲ್ಲಿ ರೋಸೆನ್‌ಬರ್ಗರನ ಪಾಲನ್ನು ಬರಿ ಮುಖಬೆಲೆಗೆ ಬಿಡಿಸಿಕೊಳ್ಳಲಾಯಿತು. ಆ ಸೆಪ್ಟೆಂಬರಿನಲ್ಲಿ ಅವನನ್ನು ಬಂಧಿಸಿ ಕಿಸ್ಲಾವ್ ಶಿಬಿರದಲ್ಲಿಟ್ಟರು. ರೋಸೆಮೈಯರ್ ಬರ್ನೊದಲ್ಲಿ ಗೆದ್ದದ್ದೂ ಅದೇ ತಿಂಗಳು.

ಬಿಡುಗಡೆಯಾದ ಮೇಲೆ ರೋಸೆನ್‌ಬರ್ಗರ್ ದೇಶ ಬಿಟ್ಟ. ಅಮೆರಿಕ ಸೇರಿ ಅಲನ್ ರಾಬರ್ಟ್ ಎಂದು ಹೆಸರು ಬದಲಿಸಿಕೊಂಡು ಕ್ಯಾಲಿಫೋರ್ನಿಯದಲ್ಲಿ ನೆಲೆಸಿದ. 1965ರಲ್ಲಿ ಅದೇ ದೇಶದ ಇಂಡಿಯಾನಾಪೊಲಿಸ್ 500 ಮೈಲಿ ಪಂದ್ಯವನ್ನು ಜಿಮ್ ಕ್ಲಾರ್ಕ್ ಲೋಟಸ್ ಕಾರಿನಲ್ಲಿ ಗೆದ್ದ. ಆಧುನಿಕ ವಿನ್ಯಾಸದ, ಎಂಜಿನ್ ಚಾಲಕನ ಹಿಂದಿರುವ ಕಾರು ಅಲ್ಲಿ ಗೆದ್ದದ್ದು ಅದೇ ಮೊದಲು. ಅದಾದ ಎರಡು ವರ್ಷಕ್ಕೆ ಅಲನ್ ರಾಬರ್ಟ್ ತೀರಿಕೊಂಡ.